ಎಲ್ ಬೋರ್ಡು, ಸ್ಪ್ಲೆಂಡರು, ಪಾಲಿಸಿಯ ಸಣ್ಣ ಅಕ್ಷರ

ದಾವಣಗೆರೆ ಪಿ.ಜೆ. ಬಡಾವಣೆಯ ಮೆಡಿಕಲ್ ಶಾಪಿನಲ್ಲಿ ವರ್ಷಗಟ್ಟಲೆ ನಿಂತು ನನಗೊಂದು ಚಾಳಿ ಅಂಟಿದೆ. ಮಾತ್ರೆ ಡಬ್ಬಿಯೊಳಗೆ ಎಂಟು ಮಡಿಕೆ ಹಾಕಿ ತುರುಕಿರ್ತಾರಲ್ಲ, ಆ ಚೀಟಿ ಬಿಡಿಸಿ ಓದೋದು. ಹಾಗಾಗಿ ಹೋದ ದೀಪಾವಳಿಗೆ ಗಾಡಿ ತಗೊಳ್ಳೋಕೆ ಹೋದಾಗ ತಮ್ಮ ಬಣ್ಣ ನೋಡ್ತಾ ಇದ್ದ, ಸೋದರಮಾವ ಟೈರು ಒತ್ತಿ ನೋಡ್ತಾ ಇದ್ದರು, ನಾನು ಕೊಟೇಶನ್ ಹಾಳೆ ಹಿಡಿದು ಕೂತೆ.

ಗಾಡಿ ಯಾವುದು ಅನ್ನೋದು ಮೊದಲೇ ತೀರ್ಮಾನ ಆಗಿತ್ತು. ಅಂಗಡಿ ಬಾಗಿಲು ಹಾಕೋದು ರಾತ್ರಿ ಒಂಬತ್ತೂವರೆಗೆ. ಆ ಹೊತ್ತಲ್ಲಿ ನಿಟುವಳ್ಳಿಗೆ ಆಟೋದವರು ಹೇಳೋ ರೇಟು ಕೇಳಿದರೆ ನಡ್ಕೊಂಡೇ ಹೋಗೋಣ ಅನ್ನಿಸುತ್ತೆ. ಭಾನುವಾರ ಮಾಯಕೊಂಡದ ಕಡೆ ನಮ್ಮೂರಿಗೆ ಹೋಗಬೇಕು, ಆ ರಸ್ತೆ ಗುಂಡಿಗಳಿಗೆ ಸ್ಕೂಟರಿನ ಸಣ್ಣ ಚಕ್ರ ಸಾಲದು. ಸ್ಪ್ಲೆಂಡರ್‌ದು 18 ಇಂಚಿನ ಚಕ್ರ, 97.2 ಸಿಸಿ, ಯಾವ ಹಳ್ಳಿ ಮೆಕ್ಯಾನಿಕ್‌ಗೂ ಕಣ್ಣು ಮುಚ್ಚಿ ಬಿಚ್ಚೋಕೆ ಬರುತ್ತೆ. "ಹೆಣ್ಮಕ್ಳು ಸ್ಕೂಟಿ ತಗೋತಾರವ್ವಾ" ಅಂತ ಅಮ್ಮ ಒಂದು ಸಲ ಹೇಳಿ ಸುಮ್ಮನಾದಳು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿತ್ತು. ಶೋರೂಮಿನವರು ಬಾಗಿಲಿಗೆ 'ಹಬ್ಬದ ಆಫರ್' ಅಂತ ಬ್ಯಾನರ್ ಕಟ್ಟಿದ್ದರು, ಆದರೆ ದೊಡ್ಡ ಆಫರ್ ಅದೇ.

ಜಗಳ ಆಗಿದ್ದು ಗಾಡಿ ಯಾರ ಹೆಸರಲ್ಲಿ ಅನ್ನೋದಕ್ಕೆ. ಮನೆಯ ಮೊದಲ ಗಾಡಿ, ಅಪ್ಪನ ಹೆಸರಲ್ಲಿ ಇರಲಿ ಅಂತ ಎಲ್ಲರ ಆಸೆ. ಅಪ್ಪನಿಗೆ ಲೈಸೆನ್ಸೇ ಇಲ್ಲ, ಜೀವಮಾನ ಪೂರ್ತಿ ಸೈಕಲ್ ತುಳಿದ ಮನುಷ್ಯ. ನಾನು ಹಟ ಹಿಡಿದದ್ದಕ್ಕೆ ಕಾರಣ ಇನ್ಶೂರೆನ್ಸು. ಪಾಲಿಸಿ ಜೊತೆ ಬರೋ ಪಿಎ ಕವರ್, ಅಂದರೆ 15 ಲಕ್ಷದ ಅಪಘಾತ ವಿಮೆ, ಇರೋದು 'ಓನರ್ ಡ್ರೈವರ್'ಗೆ. ಆರ್‌ಸಿಯಲ್ಲಿ ಹೆಸರಿರಬೇಕು, ಅವರಿಗೇ ಲೈಸೆನ್ಸೂ ಇರಬೇಕು. ಅಪ್ಪನ ಹೆಸರಲ್ಲಿ ತಗೊಂಡಿದ್ದರೆ ಲೈಸೆನ್ಸ್ ಇಲ್ಲದ ಅವರಿಗೂ ಆ ಕವರ್ ಸಿಗ್ತಿರಲಿಲ್ಲ, ಮಾಲೀಕಳಲ್ಲದ ನನಗೂ ಸಿಗ್ತಿರಲಿಲ್ಲ. ಇದನ್ನ ಊಟಕ್ಕೆ ಕೂತಾಗ ಹೇಳಿದೆ. ಅಪ್ಪ ರೊಟ್ಟಿ ಮುರೀತಾ "ಹಂಗಾದ್ರ ನಿನ್ ಹೆಸ್ರಿಗೇ ಇರ್ಲಿ ಬಿಡು" ಅಂದರು. ಅಲ್ಲಿಗೆ ಮುಗೀತು.

ಇನ್ನು ಆ ಕೊಟೇಶನ್. ಎಕ್ಸ್ ಶೋರೂಂ ಬೆಲೆ, ಲೈಫ್‌ಟೈಮ್ ಟ್ಯಾಕ್ಸ್, ರಿಜಿಸ್ಟ್ರೇಶನ್, ಅಕ್ಸೆಸರೀಸ್, ಇವುಗಳ ಮಧ್ಯೆ 'ಇನ್ಶೂರೆನ್ಸ್' ಅಂತ ಒಂದೇ ಸಾಲು, ಒಂದೇ ಮೊತ್ತ. ಬಿಡಿಸಿ ಕೊಡಿ ಅಂದೆ. "ಎಲ್ಲಾರೂ ಹಿಂಗೇ ತಗೊಳ್ಳೋದು ಮೇಡಂ" ಅಂದ ಸೇಲ್ಸ್ ಹುಡುಗ. ನಾನು ಎದ್ದೇಳಲಿಲ್ಲ. ಕೊನೆಗೆ ಪ್ರಿಂಟ್ ತಂದುಕೊಟ್ಟ.

ಅದರಲ್ಲಿ ಯಾರೂ ಮುಟ್ಟೋಕಾಗದ ಸಾಲು ಥರ್ಡ್ ಪಾರ್ಟಿ. ನಾನು ಯಾರಿಗಾದರೂ ಗುದ್ದಿದರೆ ಅವರಿಗೆ ಕೊಡೋ ದುಡ್ಡು ಅದು, ನನಗೆ ಅದರಲ್ಲಿ ಒಂದು ಪೈಸೆ ಇಲ್ಲ. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ್ದನ್ನ ಒಟ್ಟಿಗೇ ಕಟ್ಟಬೇಕು. 2022ರಲ್ಲಿ ನಿಗದಿಯಾದ ದರದಂತೆ 75ರಿಂದ 150 ಸಿಸಿಗೆ 3,851 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ. ಯಾವ ಕಂಪನಿಗೆ ಹೋದರೂ ಅಷ್ಟೇ. ತಮಾಷೆ ಅಂದರೆ ನನ್ನ 97 ಸಿಸಿಗೂ ತಮ್ಮ ಬಾಯಿಬಿಟ್ಕೊಂಡು ನೋಡ್ತಿದ್ದ 149.5 ಸಿಸಿ ಪಲ್ಸರ್‌ಗೂ ಇದೇ ದರ. 150 ದಾಟಿ 350ರ ಒಳಗಿದ್ದರೆ 7,365.

ಚೌಕಾಶಿಗೆ ಜಾಗ ಇರೋದು ಉಳಿದ ಸಾಲುಗಳಲ್ಲಿ. ನಮ್ಮದೇ ಗಾಡಿಗಾಗೋ ನಷ್ಟ ತುಂಬಿಕೊಡೋ ಓನ್ ಡ್ಯಾಮೇಜ್ ಒಂದು ವರ್ಷದ್ದು, ಅದರ ಪ್ರೀಮಿಯಂ ಕಂಪನಿಯಿಂದ ಕಂಪನಿಗೆ ಬೇರೆ. ಅಲ್ಲೇ ಕೂತು ಮೊಬೈಲಿನಲ್ಲಿ ಇನ್ನೆರಡು ಕೊಟೇಶನ್ ತೆಗೆದೆ. ಒಂದು ಬಹಳ ಅಗ್ಗ ಕಂಡಿತು. ಯಾಕೆ ಅಂದರೆ ಅದರಲ್ಲಿ ಐಡಿವಿ ಇಳಿಸಿದ್ದರು. ಗಾಡಿ ಕಳುವಾದರೆ ಕೈಗೆ ಬರೋ ಮೊತ್ತ ಅದು, ಹೊಸ ಗಾಡಿಗೆ ಸಾಮಾನ್ಯವಾಗಿ ಎಕ್ಸ್ ಶೋರೂಂ ಬೆಲೆಯ ಶೇ 95. ಮೂರರಲ್ಲೂ ಐಡಿವಿ ಒಂದೇ ಮಾಡಿ ನೋಡಿದಾಗ ಶೋರೂಮಿನದೇ ದುಬಾರಿ ಅಂತ ಗೊತ್ತಾಯ್ತು. ಇನ್ಶೂರೆನ್ಸ್ ನಾನೇ ಹೊರಗಿಂದ ಮಾಡಿಸ್ತೀನಿ ಅಂದೆ. ಹಂಗೆ ಮಾಡೋಕೆ ಗಿರಾಕಿಗೆ ಹಕ್ಕಿದೆ, ನಮ್ಮಲ್ಲೇ ಮಾಡಿಸಬೇಕು ಅನ್ನೋಕೆ ಡೀಲರಿಗೆ ಬರಲ್ಲ. ಹತ್ತು ನಿಮಿಷದಲ್ಲಿ ಅವರ ರೇಟೂ ಇಳೀತು! ಐದು ವರ್ಷದ್ದು ಅಂತ ಸೇರಿಸಿದ್ದ ಪಿಎ ಕವರ್ ಒಂದು ವರ್ಷಕ್ಕೆ ಬಂತು. ಹೆಲ್ಮೆಟ್ಟು ಅಕ್ಸೆಸರೀಸ್ ಪಟ್ಟಿಯಲ್ಲಿತ್ತು. ಗಾಡಿ ಜೊತೆ ಐಎಸ್‌ಐ ಹೆಲ್ಮೆಟ್ ಕೊಡಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲೇ ಇದೆಯಲ್ಲ ಅಂದೆ. ಹುಡುಗ ಮ್ಯಾನೇಜರ್ ಕಡೆ ನೋಡಿದ, ಆ ಸಾಲಿಗೆ ಗೀಟು ಬಿತ್ತು. ಝೀರೋ ಡೆಪ್ ಮಾತ್ರ ಉಳಿಸಿಕೊಂಡೆ. ಕಲಿಯುವವಳು ಬೀಳೋದೇ, ಬಿದ್ದರೆ ಒಡೆಯೋದು ಪ್ಲಾಸ್ಟಿಕ್ಕು. ಝೀರೋ ಡೆಪ್ ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ದುಡ್ಡು ಮುರ್ಕೊಂಡೇ ಕೊಡೋದು.

ಒಂದು ಪ್ರಶ್ನೆಗೆ ಮಾತ್ರ ಶೋರೂಮಿನಲ್ಲಿ ಉತ್ತರ ಸಿಗಲಿಲ್ಲ. ನನ್ನ ಹತ್ತಿರ ಇರೋದು ಎಲ್‌ಎಲ್, ಅಂದರೆ ಕಲಿಯುವವರಿಗೆ ಕೊಡೋ ಲರ್ನರ್ ಲೈಸೆನ್ಸ್. ಈಗ ಬಿದ್ದರೆ ಕ್ಲೇಮ್ ಸಿಗುತ್ತಾ? ಒಬ್ಬ ಸಿಗುತ್ತೆ ಅಂದ, ಇನ್ನೊಬ್ಬ ಪಕ್ಕಾ ಲೈಸೆನ್ಸ್ ಬರೋವರೆಗೂ ಸಿಗಲ್ಲ ಅಂದ. ಅಂಗಡಿಗೆ ಶುಗರ್ ಮಾತ್ರೆಗೆ ಬರೋ ವಕೀಲರೊಬ್ಬರನ್ನ ಕೇಳಿದೆ. 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಲ್‌ಎಲ್ ಇರೋರೂ ಲೈಸೆನ್ಸ್ ಇರೋರೇ ಅಂದಿದೆ, "ಆದ್ರೂ ಪಾಲಿಸಿ ಓದಮ್ಮ" ಅಂದರು. ಓದಿದೆ. 'ಡ್ರೈವರ್ಸ್ ಕ್ಲಾಝ್' ಅಂತ, ಗಾಡಿ ಯಾರು ಓಡಿಸಬಹುದು ಅನ್ನೋ ಷರತ್ತಿನ ಒಂದು ಪ್ಯಾರಾ ಇರುತ್ತೆ. ಲರ್ನರ್ ಲೈಸೆನ್ಸ್ ಇರುವವರೂ ಓಡಿಸಬಹುದು, ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಪಾಲಿಸಿರಬೇಕು. ಎಲ್ ಬೋರ್ಡ್ ಹಾಕಬೇಕು ಅನ್ನೋದು ಇರೋದು ಆ ನಿಯಮದಲ್ಲೇ. ಪಿಎ ಕವರ್‌ನ ಷರತ್ತಿನಲ್ಲೂ ಅದೇ 3ನೇ ನಿಯಮದ ಹೆಸರು. ಎಲ್ ಬೋರ್ಡ್ ಇರೋದು ಪೊಲೀಸರಿಗೆ ತೋರಿಸೋಕೆ ಅಂದ್ಕೊಂಡಿರೋರೇ ಜಾಸ್ತಿ. ಪಾಲಿಸಿ ನಿಂತಿರೋದೂ ಅದರ ಮೇಲೇ.

ಆ ನಿಯಮದಲ್ಲಿ ಎಲ್ ಬೋರ್ಡಿಗೂ ಅಳತೆ ಇದೆ. ಬಿಳಿ ಹಲಗೆ ಕನಿಷ್ಠ 18 ಸೆಂಟಿಮೀಟರ್ ಚೌಕ, ಕೆಂಪು ಎಲ್ ಕನಿಷ್ಠ 10 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪ, ಕೆಳಗೆ 9 ಸೆಂ.ಮೀ. ಅಗಲ. ಅಶೋಕ ರಸ್ತೆಯಲ್ಲಿ ತಂದ ಸ್ಟಿಕ್ಕರ್ ಅಂಗೈಯಷ್ಟೂ ಇರಲಿಲ್ಲ. ಮಾತ್ರೆ ಬಂದ ಬಿಳಿ ರಟ್ಟಿನ ಪೆಟ್ಟಿಗೆ ಬಿಚ್ಚಿ, ಸ್ಕೇಲಿಟ್ಟು ಗೆರೆ ಎಳೆದು, ಕೆಂಪು ರೇಡಿಯಂ ಅಂಟಿಸಿ ಎರಡು ಮಾಡಿದೆ. ಹಿಂದಿನದು ಕ್ಯಾರಿಯರ್ ಕಂಬಿಗೆ ಸುಲಭವಾಗಿ ಕೂತಿತು. ಮುಂದಿನದೇ ಕಷ್ಟ. ಮೇಲೆ ಕಟ್ಟಿದರೆ ಹೆಡ್‌ಲೈಟ್ ಮುಚ್ಚುತ್ತೆ, ಕೆಳಗೆ ಕಟ್ಟಿದರೆ ನಂಬರ್ ಪ್ಲೇಟ್. ಕಡೆಗೆ ಲೆಗ್ ಗಾರ್ಡಿನ ಎಡಗಡೆಗೆ ಎರಡು ಕೇಬಲ್ ಟೈ ಹಾಕಿ ಬಿಗಿದೆ. ಗಾಳಿಗೆ ಪಟಪಟ ಅನ್ನುತ್ತೆ.

ಇನ್ನೊಂದು ಷರತ್ತು, ಅದೇ ಥರದ ಗಾಡಿ ಓಡಿಸೋ ಲೈಸೆನ್ಸ್ ಇರುವವರು ಜೊತೆಗಿರಬೇಕು, ಗಾಡಿ ಹಿಡಿತಕ್ಕೆ ತಗೊಳ್ಳೋ ಅಥವಾ ನಿಲ್ಲಿಸೋ ಹಾಗೆ ಕೂತಿರಬೇಕು. ಹಿಂದಿನ ಸೀಟಿನಲ್ಲಿ ಕೂತವರು ಬೈಕ್ ಹೇಗೆ ನಿಲ್ಲಿಸ್ತಾರೋ ಬರೆದವರಿಗೇ ಗೊತ್ತು, ಕಾರು ನೆನಪಿಟ್ಟು ಬರೆದಂಗಿದೆ. ಬೈಕಿಗೆ ಅಂತ ಪ್ರತ್ಯೇಕವಾಗಿ ಸೇರಿಸಿರೋದು ಒಂದೇ, ಕಲಿಸೋರನ್ನ ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಬಾರದು. ಪಕ್ಕದ ಮನೆಯ ಗೆಳತಿ ನಾ ಬರ್ತೀನಿ ಅಂದಳು. ಅವಳ ಕಾರ್ಡ್ ತಿರುಗಿಸಿ ನೋಡಿದರೆ ಎಂಸಿಡಬ್ಲ್ಯುಒಜಿ, ಗೇರ್ ಇಲ್ಲದ ಗಾಡಿಗೆ ಮಾತ್ರ. ಮಾವನದು ಎಂಸಿಡಬ್ಲ್ಯುಜಿ, ಗೇರ್ ಇರೋ ಗಾಡಿದು, ಅವಧಿಯೂ ಇನ್ನೂ ಇತ್ತು. ಹಾಗಾಗಿ ಡ್ಯೂಟಿ ಮಾವನಿಗೆ ಬಿತ್ತು.

ದುಗ್ಗಮ್ಮನ ಗುಡಿ ಮುಂದೆ ನಿಂಬೆಹಣ್ಣು ಹತ್ತಿಸಿದವರೂ ಮಾವನೇ. ಮಾರನೇ ಬೆಳಿಗ್ಗೆಯಿಂದ ಜೆ.ಎಚ್. ಪಟೇಲ್ ಬಡಾವಣೆಯ ಖಾಲಿ ಸೈಟುಗಳ ಮಧ್ಯೆ ನಮ್ಮ ಪಾಠ. ಸ್ಪ್ಲೆಂಡರ್‌ನಲ್ಲಿ ನಾಲ್ಕೂ ಗೇರು ಮುಂದಕ್ಕೇ ಒತ್ತೋದು, ಅದು ಬೇಗ ಬಂತು. ಕ್ಲಚ್ಚೇ ಬರಲಿಲ್ಲ. "ನಿಧಾನಕ್ಕ ಬಿಡವ್ವಾ, ಇಲಿ ಹಿಡಿದಿಯೇನು" ಅಂತ ಹಿಂದಿನಿಂದ ಹೆಲ್ಮೆಟ್ಟಿನೊಳಗೆ ಗುಂಯ್‌ಗುಟ್ಟೋರು. ನನ್ನ ಹೆಲ್ಮೆಟ್ಟಿಗೆ ಅವರ ಹೆಲ್ಮೆಟ್ಟು ಟಕ್ ಅಂದರೆ ಬ್ರೇಕ್ ಜೋರಾಯ್ತು ಅಂತ ಅರ್ಥ.

ಊರ ಕಡೆ ಹೋಗೋಕೆ ಶುರು ಮಾಡಿದಾಗ ಮೆಕ್ಕೆಜೋಳದ ಸುಗ್ಗಿ. ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ, ಅರ್ಧ ರಸ್ತೆ ಕಣ ಆಗಿರುತ್ತೆ. ರಾಶಿ ಕಂಡರೆ ಸರಿ, ತಪ್ಪಿಸಬಹುದು. ಅಪಾಯ ಇರೋದು ರಾಶಿ ಬಾಚಿಕೊಂಡು ಹೋದ ಮೇಲೆ ಉಳಿದ ಒಂಟಿ ಕಾಳುಗಳಲ್ಲಿ. ಟಾರಿನ ಮೇಲೆ ಟೈರಿನ ಕೆಳಗೆ ಸಿಕ್ಕಿ ಉರುಳ್ತವೆ, ಬ್ರೇಕ್ ಮುಟ್ಟಿದರೆ ಮುಗೀತು. ಸ್ಪ್ಲೆಂಡರ್‌ನಲ್ಲಿ ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತೆ, ಆದರೆ ಅದು ಚಕ್ರ ಲಾಕ್ ಆಗದಂತೆ ತಡೆಯೋ ಎಬಿಎಸ್ ಅಲ್ಲ. ಆಕ್ಸಿಲರೇಟರ್ ಬಿಟ್ಟು, ಬ್ರೇಕ್ ಮುಟ್ಟದೆ, ನೇರ ಹೋಗು ಅಂತ ಮಾವ ಕಲಿಸಿದರು. ಆದರೂ ಒಂದು ಭಾನುವಾರ ನಿಂತ ಗಾಡಿ ತಿರುಗಿಸುವಾಗಲೇ ಕಾಲು ಜಾರಿ ಎಡಕ್ಕೆ ಮಲಗಿತು. ಕ್ಲಚ್ ಲಿವರ್ ಬಗ್ಗಿತು, ಇಂಡಿಕೇಟರ್ ಗಾಜು ಹೋಯ್ತು, ರಟ್ಟಿನ ಎಲ್ ಬೋರ್ಡಿಗೆ ಏನೂ ಆಗಲಿಲ್ಲ. ಕ್ಲೇಮ್ ಹಾಕು ಅಂದರು ಮನೆಯವರು. ಬೇಡ ಅಂದೆ. ಕ್ಲೇಮ್ ಹಾಕದಿದ್ದರೆ ಮುಂದಿನ ವರ್ಷ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ 20 ರಿಯಾಯಿತಿ, ಹಾಕದೇ ಇದ್ದಷ್ಟೂ ಏರಿ ಶೇ 50ರವರೆಗೆ ಹೋಗುತ್ತೆ. ಒಂದು ಲಿವರ್‌ಗೆ, ಒಂದು ಇಂಡಿಕೇಟರ್‌ಗೆ ಅದನ್ನ ಕಳ್ಕೊಂಡು ಸರ್ವೇಯರ್ ಹಿಂದೆ ಓಡಾಡೋಕೆ ನನಗೆ ರಜೆ ಎಲ್ಲಿದೆ? ಮಾಯಕೊಂಡದ ಮೆಕ್ಯಾನಿಕ್ ಲಿವರ್ ಬದಲಾಯಿಸಿ ಟೀ ಕೂಡ ಕುಡಿಸಿದ.

ಎಲ್‌ಎಲ್ ತಗೊಂಡು 30 ದಿನ ಆದ ಮೇಲೆ ಟೆಸ್ಟಿಗೆ ಹೋಗಬಹುದು, ಎಲ್‌ಎಲ್ ಓಡೋದು ಆರು ತಿಂಗಳು. ನಾನು ಅವಸರ ಮಾಡಲಿಲ್ಲ, ಕ್ಲಚ್ ಕೈಗೆ ಬಂದ ಮೇಲೇ ಹೋದೆ. ಟ್ರ್ಯಾಕಿನಲ್ಲಿ ಕಾಲು ಊರಲಿಲ್ಲ.

ಹೊಸ ಗಾಡಿ ತಗೊಂಡೋರು ಇನ್ನೊಂದು ನೆನಪಿಟ್ಟುಕೊಳ್ಳಿ. ವರ್ಷ ತುಂಬುತ್ತಿದ್ದ ಹಾಗೆ "ನಿಮ್ಮ ಇನ್ಶೂರೆನ್ಸ್ ಮುಗೀತಾ ಬಂತು" ಅಂತ ಫೋನ್ ಶುರುವಾಗ್ತವೆ. ಮುಗಿಯೋದು ಓನ್ ಡ್ಯಾಮೇಜ್ ಮಾತ್ರ, ಜೊತೆಗೆ ಒಂದು ವರ್ಷಕ್ಕೆ ತಗೊಂಡಿದ್ದರೆ ಪಿಎ ಕವರ್. ಥರ್ಡ್ ಪಾರ್ಟಿ ಇನ್ನೂ ನಾಲ್ಕು ವರ್ಷ ಇರುತ್ತೆ, ಓನ್ ಡ್ಯಾಮೇಜ್ ಬಿಡಿಯಾಗಿಯೇ ಸಿಗುತ್ತೆ, ಎರಡನ್ನೂ ಮತ್ತೆ ಕಟ್ಟಬೇಕಾಗಿಲ್ಲ. ನನಗೆ ಫೋನ್ ಬರೋದು ಈ ದೀಪಾವಳಿ ಹೊತ್ತಿಗೆ. ಯಾವ ಸಾಲಿಗೆ ಎಷ್ಟು ಅಂತ ಬಿಡಿಸಿ ಹೇಳಿ ಅಂತ ಕೇಳೋದಿದೆ.