ಟ್ಯಾಂಕಿನ ಬಲಗಡೆಯ ತಗ್ಗು

ತಿಪಟೂರು
ಅಕ್ಟೋಬರ್ 15, 2023, ಭಾನುವಾರ, ರಾತ್ರಿ

ನನಗೆ ಈ ಹಳೇ ಯಮಹಾ ಆರ್‌ಎಕ್ಸ್ 100 ಬೈಕು ಕೊಟ್ಟ ಮೇಷ್ಟ್ರು ಬಂದು ಹೋದರು. ಫೋನು ಗೀನು ಏನೂ ಮಾಡದೆ ಬಂದರು. ಸಂಜೆ ಆರಕ್ಕೆ ಹೋದರು. ಈಗ ಹತ್ತೂವರೆ. ಮನಸ್ಸು ಇನ್ನೂ ಅಲ್ಲೇ ಇದೆ, ಅದಕ್ಕೇ ಬರೆಯಲು ಕೂತೆ. ಕರೆಂಟ್ ಈಗಷ್ಟೇ ಬಂದಿದೆ. ಈ ವರ್ಷ ಮಳೆ ಕೈಕೊಟ್ಟ ಮೇಲೆ ಅದನ್ನು ನಂಬುವ ಹಾಗಿಲ್ಲ, ಬೇಗ ಬೇಗ ಬರೆಯುತ್ತೇನೆ.

ಆಯುಧ ಪೂಜೆಗೆ ಇನ್ನು ಎಂಟೇ ದಿನ. ಅಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗಬೇಕು ಅಂತ ಮೇ ತಿಂಗಳಿನಿಂದ ಮನೆಯವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಇವತ್ತಿಗೂ ಚಾಸಿಸ್ ಎರಡು ಸೈಜುಗಲ್ಲಿನ ಮೇಲೆ ಬರಿ ಮೈಯಲ್ಲಿ ಕೂತಿದೆ. ಎಂಜಿನ್ ಗೋಣಿಚೀಲದ ಮೇಲೆ ಇದೆ. ಮೇಲೆ ಅಟ್ಟದ ತುಂಬಾ ಕಾಯಿ. ಕೊಬ್ಬರಿ ಮಾರಿ ಪೇಂಟಿಂಗಿಗೆ ಕೊಡೋಣ ಅಂತಿದ್ದೆ. ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಅಂತಿದೆ, ಮಾರ್ಕೆಟ್ಟಿನಲ್ಲಿ ಅಷ್ಟು ಸಿಗುತ್ತಿಲ್ಲ. ಅಪ್ಪ ಈಗ ಮಾರುವುದು ಬೇಡ ಅಂದರು. ಸರಿ, ನಾನೂ ಸುಮ್ಮನಾದೆ.

ಹೊಸ ಗಾಡಿ ತಗೋ, ಈ ಗುಜರಿ ಯಾಕೆ ಅಂತ ಕೇಳುವವರು ಇನ್ನೂ ಕೇಳುತ್ತಿದ್ದಾರೆ. ಆರ್‌ಎಕ್ಸ್ 100 ಗುಜರಿ ಅಲ್ಲ. 1985ರಿಂದ 1996ರವರೆಗೆ ಬಂದ ಗಾಡಿ. ಬರೀ 98 ಸಿಸಿ. ಬೋರು, ಅಂದರೆ ಸಿಲಿಂಡರಿನ ಅಗಲ, 50 ಮಿಲಿಮೀಟರ್; ಸ್ಟ್ರೋಕು, ಅಂದರೆ ಪಿಸ್ಟನ್ ಓಡಾಡುವ ದೂರ, ಅದೂ 50 ಮಿಲಿಮೀಟರ್. ಅಷ್ಟು ಪುಟ್ಟ ಎಂಜಿನ್ನಿನಿಂದ 11 ಕುದುರೆ ಶಕ್ತಿ. ಗಾಡಿಯ ತೂಕ ಕಡಿಮೆ, ಅದಕ್ಕೇ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಮುಂದಿನ ಚಕ್ರ ಹಗುರಾಗುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ಕೋಡಿ ಸರ್ಕಲ್ ಕಡೆಯಿಂದ ಒಂದು ಆರ್‌ಎಕ್ಸ್ ಬರುತ್ತಿದೆ ಅಂದರೆ ನೋಡುವ ಮೊದಲೇ ಗೊತ್ತಾಗುತ್ತಿತ್ತು. ಆ ಸದ್ದು ನನ್ನ ಮನೆಯಂಗಳದಲ್ಲಿ ಒಂದು ಸಲ ಕೇಳಬೇಕು ಅಂತ ಎಷ್ಟು ವರ್ಷದ ಆಸೆ.

ಎಂಜಿನ್ ಕೆಲಸ ಹೆಚ್ಚುಕಮ್ಮಿ ಮುಗಿದಿದೆ. ಲೇತ್ ಅಣ್ಣ ಸವೆದ ಸಿಲಿಂಡರನ್ನು 0.50 ಮಿಲಿಮೀಟರ್ ಓವರ್‌ಸೈಜಿಗೆ ಬೋರ್ ಹೊಡೆದುಕೊಟ್ಟರು. ಮೊದಲು ತರಿಸಿದ ಪಿಸ್ಟನ್ ರಿಂಗುಗಳು ಡೂಪ್ಲಿಕೇಟ್ ಬಂದಿದ್ದವು. ಬೋರಿನೊಳಗೆ ಇಳಿಸಿ ಬೆಳಕಿಗೆ ಹಿಡಿದರೆ ಒಂದು ಪಕ್ಕ ಸಂದಿ ಕಾಣುತ್ತಿತ್ತು. ಕೊಟ್ಟವರ ಹೆಸರು ಬೇಡ, ದುಡ್ಡು ವಾಪಸ್ ಬರಲಿಲ್ಲ ಅಷ್ಟೇ. ಆಮೇಲೆ ನಾನೇ ಬಸ್ಸು ಹತ್ತಿ ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ, ಅರ್ಧ ದಿನ ಅಲೆದು, ಸರಿಯಾದದ್ದು ತಂದೆ. ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಕೂಡ ಹೊಸದು. ಹಳೆಯದು ಒಣಗಿ ತೊಗಟೆಯ ಹಾಗಾಗಿತ್ತು. ಅದು ಹೋದರೆ ಎಂಜಿನ್ ಗೇರ್ ಆಯಿಲ್ಲನ್ನೇ ಎಳೆದುಕೊಂಡು ಸುಡುತ್ತದೆ, ಊರೆಲ್ಲ ಬಿಳಿ ಹೊಗೆ. ಪೆಟ್ರೋಲಿನ ಜೊತೆ ಆಯಿಲ್ಲನ್ನೂ ಸುಡುವ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಸಹಜ ಅಂತ ಎಷ್ಟೋ ಜನ ಆ ಸೀಲ್ ನೋಡುವುದೇ ಇಲ್ಲ.

ಮೂರು ವಿಷಯ ಮುಟ್ಟುವುದಿಲ್ಲ ಅಂತ ಮೊದಲ ದಿನವೇ ನಿರ್ಧಾರ ಮಾಡಿದ್ದೆ. ಚಾಸಿಸ್ ಕೊಯ್ಯುವುದಿಲ್ಲ, ಅದಕ್ಕೆ ವೆಲ್ಡಿಂಗ್ ಮಾಡುವುದಿಲ್ಲ. ಸೈಲೆನ್ಸರ್ ಕಂಪನಿಯದ್ದೇ ಇರುತ್ತದೆ. ಬಣ್ಣವೂ ಆರ್‌ಸಿಯಲ್ಲಿ ಇರುವ ನವಿಲು ನೀಲಿಯೇ. ಗಾಡಿ 1994ರದ್ದು, ಮುಂದಿನ ವರ್ಷ ಮತ್ತೆ ರಿಜಿಸ್ಟ್ರೇಷನ್ ರಿನ್ಯೂವಲ್‌ಗೆ ತೋರಿಸಬೇಕು. ಇನ್‌ಸ್ಪೆಕ್ಟರ್ ಮುಂದೆ ತಲೆ ಎತ್ತಿ ನಿಲ್ಲುವ ಹಾಗಿರಬೇಕು. ಪುಟ್ಟನಿಗೆ ಹಿಂದಿನ ಸೀಟು ಕತ್ತರಿಸಿ ಒಂಟಿ ಸೀಟು ಮಾಡುವ ಆಸೆ, ಮೊಬೈಲಿನಲ್ಲಿ ದಿನಾ ಫೋಟೋ ತೋರಿಸುತ್ತಾನೆ. ನೋಡಲು ಚೆನ್ನಾಗಿರುತ್ತದೆ ನಿಜ. ಆದರೆ ಅಲ್ಲಿ ಕೊಯ್ದ ಪೈಪು ಮತ್ತೆ ಕೂಡುವುದಿಲ್ಲ.

ನನ್ನ ಆಸೆ ಇದ್ದದ್ದು ಎರಡೇ. ಫುಟ್‌ರೆಸ್ಟು ಸ್ವಲ್ಪ ಹಿಂದೆ, ಹ್ಯಾಂಡಲ್ಲು ಸ್ವಲ್ಪ ಕೆಳಗೆ. ಫೋರ್ಕಿನ ಪೈಪಿಗೇ ಕ್ಲಿಪ್ ಆಗುವ ಎರಡು ತುಂಡು ಹ್ಯಾಂಡಲ್, ರೇಸಿನ ಗಾಡಿಗಳಿಗೆ ಇರುವಂಥದ್ದು. ಬೋಲ್ಟು ಬಿಚ್ಚಿದರೆ ಹಳೆಯದನ್ನು ವಾಪಸ್ ಹಾಕಬಹುದು. ಹೋದ ತಿಂಗಳು ಕೂರಿಸಿ ನೋಡಿದೆ. ಎದೆ ಮುಂದಕ್ಕೆ ಬಾಗುತ್ತದೆ, ಮೊಣಕಾಲು ಟ್ಯಾಂಕಿಗೆ ಅಪ್ಪಿಕೊಳ್ಳುತ್ತದೆ. ನಿಂತ ಗಾಡಿಯ ಮೇಲೆ ಕೂತೇ ಖುಷಿಯಾಯಿತು.

ಒಂದೇ ತೊಂದರೆ. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಎಡಗೈ ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಕ್ಲಿಪ್ ಸ್ವಲ್ಪ ಹೊರಳಿಸಿ ಸರಿ ಮಾಡಿದೆ. ಬಲಗಡೆ ಆ ತೊಂದರೆಯೇ ಇರಲಿಲ್ಲ. ಅಲ್ಲಿ ಟ್ಯಾಂಕಿನ ಹೆಗಲಿನಲ್ಲಿ ಒಂದು ತಗ್ಗು ಇದೆ. ದೊಡ್ಡ ನೆಲ್ಲಿಕಾಯಿ ಕೂರುವಷ್ಟು. ಹೆಬ್ಬೆರಳು ಸರಿಯಾಗಿ ಅದರೊಳಗೆ ಹೋಗುತ್ತದೆ. ನನಗೋಸ್ಕರವೇ ಮಾಡಿದ ಹಾಗೆ.

ಆ ತಗ್ಗನ್ನು ಇಟ್ಟುಕೊಳ್ಳಬೇಕು ಅಂತ ಆಗಲೇ ಅಂದುಕೊಂಡೆ. ಬರೀ ಹೆಬ್ಬೆರಳಿನ ಕಾರಣಕ್ಕಲ್ಲ. ಎಲ್ಲವನ್ನೂ ಹೊಸದರ ಹಾಗೆ ಹೊಳೆಸಿಬಿಟ್ಟರೆ ಗಾಡಿ 29 ವರ್ಷ ಬದುಕಿದ್ದು ಎಲ್ಲಿ ಕಾಣುತ್ತದೆ? ಪೇಂಟರ್ ತಗ್ಗು ತುಂಬುವ ಪುಟ್ಟಿ ಹಚ್ಚಿ ಮುಚ್ಚುತ್ತೇನೆ ಅಂದ. ಬೇಡ, ಅದರ ಮೇಲೆಯೇ ಬಣ್ಣ ಹೊಡಿ ಅಂದೆ. ಗೆಳೆಯರಿಗೆ ಫೋಟೋ ಕಳಿಸಿದೆ. ಎಲ್ಲರೂ ಮೆಚ್ಚಿಕೊಂಡರು.

ಇವತ್ತು ಮಧ್ಯಾಹ್ನ ಅಮ್ಮ ಒಳಗೆ ಪಟ್ಟದ ಗೊಂಬೆ ಕೂರಿಸುತ್ತಿದ್ದಳು. ನಾನೂ ಪುಟ್ಟನೂ ಟ್ಯಾಂಕು ತೊಳೆಯುತ್ತಿದ್ದೆವು. ಒಳಗಿನ ತುಕ್ಕಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಬಿಸಿನೀರಿನಲ್ಲಿ ಕರಗಿಸಿ ರಾತ್ರಿಯೆಲ್ಲ ತುಂಬಿಸಿಟ್ಟಿದ್ದೆ. ಚೆಲ್ಲಿದಾಗ ಕಾಫಿ ಡಿಕಾಕ್ಷನ್ ಬಣ್ಣದ ನೀರು ಬಂತು. ಆಮೇಲೆ ಅಡುಗೆ ಸೋಡಾ ನೀರು, ಆಮೇಲೆ ಬಿಸಿಲು, ಕೊನೆಗೆ ಸ್ವಲ್ಪ 2ಟಿ (ಟೂ ಸ್ಟ್ರೋಕ್) ಆಯಿಲ್ ಹಾಕಿ ಎಲ್ಲಾ ಕಡೆ ಆಡುವ ಹಾಗೆ ಅಲ್ಲಾಡಿಸಿದೆವು. ಇಲ್ಲದಿದ್ದರೆ ಒಂದೇ ದಿನಕ್ಕೆ ಮತ್ತೆ ಕೆಂಪಗಾಗುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಬೆಳ್ಳಿ ಲೋಟದ ಹಾಗಿತ್ತು. ಪುಟ್ಟ ಕುಣಿದಾಡಿಬಿಟ್ಟ.

ಆಗ ಗೇಟಿನ ಸದ್ದಾಯಿತು. ಮೇಷ್ಟ್ರು.

ಮಗಳ ಮನೆಗೆ ಬಂದಿದ್ದರಂತೆ, ಹಾಗೇ ಇಲ್ಲಿಗೂ ಬಂದರು. ನನ್ನ ಎದೆ ಧಸಕ್ ಅಂದಿತು. ಗಾಡಿ ಕೊಡುವಾಗ ಅವರು ಚೌಕಾಸಿ ಮಾಡಿರಲಿಲ್ಲ. ಒಂದೇ ಮಾತು ಕೇಳಿದ್ದರು, "ಸ್ಟಾರ್ಟ್ ಆದ ದಿನ ಒಂದು ಫೋನ್ ಮಾಡಿ." ಐದು ತಿಂಗಳಾಯಿತು, ಆ ಫೋನ್ ನಾನು ಮಾಡಿಲ್ಲ. ಮಾಡಲು ಏನೂ ಇರಲಿಲ್ಲ.

"ಎಲ್ಲಾ ಬಿಚ್ಚಿಬಿಟ್ಟಿದೀರಲ್ಲಪ್ಪ" ಅಂದರು. ಬೈಯುವ ದನಿ ಅಲ್ಲ. ಗಾಬರಿಯೂ ಅಲ್ಲ. ಗೋಣಿಚೀಲದ ಹತ್ತಿರ ಬಗ್ಗಿ ಎಂಜಿನ್ನಿನ ರೆಕ್ಕೆಗಳ ಮೇಲೆ ಬೆರಳು ಆಡಿಸಿದರು. ನಾನು ಒಂದೇ ಉಸಿರಿಗೆ ಎಲ್ಲಾ ವರದಿ ಒಪ್ಪಿಸಿದೆ. ಬೋರು, ರಿಂಗು, ಸೀಲು, ಚೈನು. ಹುಡುಗರು ಪಾಠ ಒಪ್ಪಿಸುವಾಗ ಕೇಳಿಸಿಕೊಳ್ಳುತ್ತಾರಲ್ಲ, ಹಾಗೆ ತಲೆ ಆಡಿಸುತ್ತಾ ಕೇಳಿದರು.

ಆಮೇಲೆ ಹ್ಯಾಂಡಲ್ ನೋಡಿದರು.

"ಇದು ಯಾಕೆ ಇಷ್ಟು ಕೆಳಗಿದೆ?"

"ಸ್ವಲ್ಪ ಬಗ್ಗಿ ಕೂರೋ ಹಾಗೆ ಸರ್. ರೇಸ್ ಗಾಡಿ ತರ."

"ಬೆನ್ನು ನೋಯಲ್ವಾ?"

"ನೋಯುತ್ತೆ ಸರ್, ಸ್ವಲ್ಪ."

"ನಿಮ್ಮ ವಯಸ್ಸಿಗೆ ಏನಾಗಲ್ಲ ಬಿಡಿ."

ಅಷ್ಟೇ. ನಾನು ಯಾವುದಕ್ಕೆ ಹೆದರಿದ್ದೆನೋ ಅದು ಅಲ್ಲಿಗೆ ಮುಗಿಯಿತು. ಧೈರ್ಯ ಬಂತು. ಅಮ್ಮ ಕಾಫಿ ತಂದುಕೊಟ್ಟಳು. ನಾನು ಟ್ಯಾಂಕು ಎತ್ತಿ ತಂದು ಅವರ ಮುಂದೆ ಹಿಡಿದೆ.

"ನೋಡಿ ಸರ್, ಈ ತಗ್ಗು ಹಾಗೇ ಬಿಟ್ಟಿದೀನಿ. ಪೇಂಟರ್ ಮುಚ್ತೀನಿ ಅಂದ, ನಾನೇ ಬೇಡ ಅಂದೆ. ಗಾಡಿ ನೆನಪು ಇರಲಿ ಅಂತ."

ಅವರು ಲೋಟ ಕೆಳಗಿಟ್ಟರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಹೇಳಿದ್ದು ಒಂದೇ ಮಾತು, "ತೆಗೆಸಿಬಿಡಿ."

ನನಗೆ ಅರ್ಥವಾಗಲಿಲ್ಲ. ತಮಾಷೆಗೆ ಅಂದರೇನೋ ಅಂತ ಮುಖ ನೋಡಿದೆ. ಇಲ್ಲ.

"ಗಾಡಿ ನನ್ನ ತಮ್ಮ ಓಡಿಸ್ತಿದ್ದ ಆವತ್ತು. ನಾನು ಹಿಂದೆ ಕೂತಿದ್ದೆ. ಬಾಣಾವರ ದಾಟಿ ಬರ್ತಿದ್ವಿ. ರಸ್ತೆ ಮೇಲೆ ಹುರುಳಿ ಹರಡಿದ್ರು ಒಕ್ಕಣೆಗೆ. ಕತ್ತಲಾಗಿತ್ತು. ಚಕ್ರ ಜಾರಿದ್ದೇ ಗೊತ್ತಾಗಲಿಲ್ಲ. ಹ್ಯಾಂಡಲ್ ತಿರುಗಿ ಬಂದು ಟ್ಯಾಂಕಿಗೆ ಬಡೀತು. ನನಗೆ ತರಚು ಗಾಯ. ಅವನ ಕಾಲು ಗಾಡಿ ಕೆಳಗೆ."

1998 ಅಂತೆ. ತಮ್ಮ ಮೂರು ತಿಂಗಳು ಮಲಗಿದ್ದರಂತೆ. ಆಮೇಲೆ ಎದ್ದು, ಕುಂಟುತ್ತಾ, ಇದೇ ಗಾಡಿಯನ್ನು ಮತ್ತೆ ಓಡಿಸಿದರಂತೆ. ಅವರು ಎಡಗಾಲಿನಲ್ಲಿ ಕಿಕ್ ಹೊಡೆಯುತ್ತಿದ್ದರು ಅಂತ ಮೇಷ್ಟ್ರು ಹೇಳಿದಾಗ ನನಗೆ ಕಣ್ಣ ಮುಂದೆ ಬಂತು. ಕಿಕ್ಕರ್ ಇರುವುದು ಬಲಗಡೆ. ಗಾಡಿಯಿಂದ ಇಳಿದು, ಬಲಗಡೆ ನಿಂತು, ಎಡಗಾಲಿನಲ್ಲಿ ಹೊಡೆಯಬೇಕು. ದಿನಾ.

"ಆವಾಗಲೇ ತೆಗೆಸೋಣ ಅಂದೆ. ಅವನು ಬೇಡ ಅಂದ. ಪೆಟ್ರೋಲ್ ಹಾಕಿಸುವಾಗೆಲ್ಲ ಕಣ್ಣಿಗೆ ಬೀಳಲಿ, ಕೈ ತಾನೇ ಹಗುರಾಗುತ್ತೆ ಅಂದ. ಸರಿ ಅಂದೆ. ಇಪ್ಪತ್ತೈದು ವರ್ಷ ಅದನ್ನ ನೋಡ್ಕೊಂಡೇ ಬಂದೆ ನಾನು. ಅವನು ಹೋದ ವರ್ಷ ಹೋದ. ಗಾಡಿಗೂ ಅದಕ್ಕೂ ಸಂಬಂಧ ಇಲ್ಲ, ಸಕ್ಕರೆ ಕಾಯಿಲೆ. ಈಗ ಬೇಡ ಅನ್ನೋಕೆ ಅವನಿಲ್ಲ."

ಪುಟ್ಟ ಕೈಯಲ್ಲಿ ಸ್ಪ್ಯಾನರ್ ಹಿಡಿದು ಹಾಗೇ ನಿಂತಿದ್ದ.

"ನೀವು ನೆನಪು ಅಂದ್ರಿ. ಒಳ್ಳೆ ಮನಸ್ಸಿಂದಾನೇ ಅಂದ್ರಿ. ಆದರೆ ಅದು ನಿಮ್ಮ ನೆನಪಲ್ವಲ್ಲ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆಯ್ತು ಸರ್ ಅಂದೆ. ಅವರು ತಕ್ಷಣ ಮಾತು ಬದಲಿಸಿದರು. ಎಂಜಿನ್ ಪಳಗುವ ತನಕ ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸುತ್ತೀರಿ ಅಂತ ಕೇಳಿದರು. ಮೊದಲ 500 ಕಿಲೋಮೀಟರ್ ಲೀಟರಿಗೆ 40 ಎಂ.ಎಲ್. ಅಂದೆ. ಸರಿ, ಅವಸರ ಮಾಡಬೇಡಿ ಅಂದರು. ಗೇಟಿನ ತನಕ ಹೋಗಿ ಬಿಟ್ಟು ಬಂದೆ. ಸ್ಟಾರ್ಟ್ ಆದ ದಿನ ಫೋನ್ ಮಾಡಿ ಅಂತ ಮತ್ತೆ ಹೇಳಿದರು.

ಆಗಿನಿಂದ ನನಗೆ ಒಂದು ತರಹದ ಸಂಕಟ. ಆ ಫೋಟೋ ಎಷ್ಟು ಜನಕ್ಕೆ ಕಳಿಸಿದ್ದೆ! ಯಾರದೋ ಮುರಿದ ಕಾಲನ್ನು ಚೆಂದ ಅಂತ ತೋರಿಸಿಕೊಂಡು ತಿರುಗಿದ ಹಾಗಾಯಿತು. ಗೊತ್ತಿರಲಿಲ್ಲ, ನಿಜ. ಆದರೆ ಒಂದು ಸಲ ಕೇಳಬಹುದಿತ್ತು. ಕ್ರ್ಯಾಂಕ್ ಸೀಲ್ ಯಾವಾಗ ಬದಲಾಯಿಸಿದ್ದು ಅಂತ ಅವರಿಗೆ ಎರಡು ಸಲ ಫೋನ್ ಮಾಡಿ ಕೇಳಿದ್ದೇನೆ, ತಗ್ಗು ಹೇಗಾಯಿತು ಅಂತ ಕೇಳಿಲ್ಲ.

ತೆಗೆಸುವುದಂತೂ ಖಂಡಿತ. ಹೇಗೆ ಅನ್ನುವುದೇ ಈಗಿನ ಪ್ರಶ್ನೆ. ಪುಟ್ಟಿ ಹಚ್ಚಿದರೆ ಒಂದು ದಿನದ ಕೆಲಸ, ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ಮುಚ್ಚುವುದು, ತೆಗೆಯುವುದಲ್ಲ. ತೆಗೆಸಿಬಿಡಿ ಅಂದವರಿಗೆ ಮುಚ್ಚಿದ್ದನ್ನು ತೋರಿಸಲು ನನಗೆ ಮನಸ್ಸಿಲ್ಲ. ಸರಿಯಾಗಿ ಮಾಡಬೇಕಾದರೆ ತಗ್ಗಿನ ಮೇಲೆ ಸಣ್ಣ ಪಿನ್ನುಗಳನ್ನು ವೆಲ್ಡ್ ಮಾಡಿ ಹೊರಕ್ಕೆ ಎಳೆಯಬೇಕು. ಪೆಟ್ರೋಲ್ ಇದ್ದ ಟ್ಯಾಂಕಿಗೆ ಹಾಗೇ ಬೆಂಕಿ ತೋರಿಸುವಂತಿಲ್ಲ, ಒಳಗಿನ ಆವಿ ಹೊತ್ತಿಕೊಂಡರೆ ಮುಗಿಯಿತು. ನೀರು ತುಂಬಿಸಿಕೊಂಡೇ ಕೆಲಸ ಮಾಡಬೇಕು. ಅಂದರೆ ಇವತ್ತು ತುಕ್ಕು ತೆಗೆದದ್ದೆಲ್ಲ ಮತ್ತೆ ಮೊದಲಿನಿಂದ. ಆಯುಧ ಪೂಜೆಗೆ ಆಗುವುದಿಲ್ಲ. ಪುಟ್ಟನಿಗೆ ಇದನ್ನು ಇನ್ನೂ ಹೇಳಿಲ್ಲ, ನಿದ್ದೆ ಹೋಗಿದ್ದಾನೆ.

ಇನ್ನು ಹೆಬ್ಬೆರಳು. ತಗ್ಗು ಹೋದರೆ ಬಲಗಡೆಯೂ ಸಿಕ್ಕಿಕೊಳ್ಳುತ್ತದೆ, ಅದೂ ಆಕ್ಸಿಲರೇಟರ್ ಕೈ. ಯೂ ಟರ್ನ್ ಹೊಡೆಯುವಾಗ ಅಲ್ಲಿ ಕೈ ಸಿಕ್ಕಿಕೊಳ್ಳಬಾರದು. ಚಾಸಿಸ್ಸಿನಲ್ಲಿ ಹ್ಯಾಂಡಲ್ಲನ್ನು ತಡೆಯುವ ಸ್ಟೀರಿಂಗ್ ಸ್ಟಾಪಿಗೆ ಒಂದು ತುಂಡು ಕಬ್ಬಿಣ ಹಚ್ಚಿಸಿದರೆ ಹ್ಯಾಂಡಲ್ ಅಷ್ಟು ತಿರುಗುವುದಿಲ್ಲ. ಆದರೆ ಚಾಸಿಸ್ಸಿಗೆ ವೆಲ್ಡಿಂಗ್ ಇಲ್ಲ ಅಂತ ನಾನೇ ಹೇಳಿದ್ದೇನಲ್ಲ. ಉಳಿದಿರುವುದು ಹಳೇ ಹ್ಯಾಂಡಲ್.

ಈಗಷ್ಟೇ ಅಟ್ಟ ಹತ್ತಿ, ಕಾಯಿಗಳ ಮಧ್ಯೆ ಹುಡುಕಿ ಅದನ್ನು ಇಳಿಸಿಕೊಂಡು ಬಂದೆ. ಮೇಜಿನ ಮೇಲಿಟ್ಟು ನೋಡಿದರೆ ಎರಡು ತುದಿ ಒಂದೇ ಸಮ ಇಲ್ಲ. ಬಲಗಡೆಯದು ಒಳಕ್ಕೆ ಬಾಗಿದೆ, ಹೆಚ್ಚಿಲ್ಲ, ಒಂದು ಬೆರಳು. ಮೇ ತಿಂಗಳಲ್ಲಿ ಬಿಚ್ಚಿದಾಗ ಗಮನಿಸಿಯೇ ಇರಲಿಲ್ಲ. ಇದನ್ನು ನೇರ ಮಾಡಬೇಕಾದರೆ ಪೈಪಿನೊಳಗೆ ಒಣ ಮರಳು ತುಂಬಿ ಎರಡೂ ಬಾಯಿ ಮುಚ್ಚಿ ಕಾಯಿಸಬೇಕು, ಆಗ ಮಡಚುವುದಿಲ್ಲ ಅಂತ ಲೇತ್ ಅಣ್ಣ ಒಂದು ಸಲ ಹೇಳಿದ್ದರು. ಆದರೆ ಇದನ್ನು ನೇರ ಮಾಡುವುದೋ ಬೇಡವೋ ಅಂತ ಮೊದಲು ಮೇಷ್ಟ್ರನ್ನು