ಒತ್ತಬೇಡ, ಸವರು

ಶ್ರೀನಿವಾಸಪುರದ ಹತ್ತಿರ ನಮ್ಮ ಚಿಕ್ಕಪ್ಪನದು ಒಂದು ಸಣ್ಣ ಮಾವಿನ ನರ್ಸರಿ. ಮಳೆ ಹಿಡಿಯಿತೆಂದರೆ ಅಲ್ಲಿ ಕಸಿ ಕಟ್ಟುವ ಕೆಲಸ ಶುರು. ಹೋದ ಆಗಸ್ಟ್‌ನಲ್ಲಿ ರಜೆ ಹಾಕಿ ಹೋಗಿದ್ದೆ. ಆವತ್ತು 200 ಸಸಿಗಳಿಗೆ ಬಾದಾಮಿ ಮಾವಿನ ಕುಡಿ ಕಟ್ಟಬೇಕಿತ್ತು.

ಬೆಳಿಗ್ಗೆ ಚಾಕು ಮಸೆದವನು ನಾನೇ. ಸಾಣೆಕಲ್ಲಿಗೆ ನೀರು ಹಾಕಿ ಅರ್ಧ ಗಂಟೆ ಉಜ್ಜಿದೆ. ಕಾಗದ ಸರ್ರನೆ ಹರಿಯಿತು. ಸಾಕು ಅಂದುಕೊಂಡೆ. ಮೊದಲ ಕುಡಿಯ ತುದಿಯನ್ನು ಬೆಣೆಯ ಹಾಗೆ ಕೆತ್ತಿ ಚಿಕ್ಕಪ್ಪನಿಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದರು.

"ನೋಡಪ್ಪ, ನಾರು ಎದ್ದಿದೆ. ಇದು ಕೂಡ್ಕೊಳ್ಳಲ್ಲ."

ತೊಗಟೆಯ ಕೆಳಗೆ ತೆಳ್ಳನೆಯ ಹಸಿ ಪದರ ಇರುತ್ತದಲ್ಲ, ಕುಡಿಯದೂ ಸಸಿಯದೂ ಅಲ್ಲೇ ಒಂದಕ್ಕೊಂದು ತಾಗಬೇಕು. ಕೆತ್ತಿದ ಜಾಗ ಗಾಜಿನಷ್ಟು ನುಣುಪಾಗಿದ್ದರೆ ಬೆಸೆಯುತ್ತದೆ. ಜಜ್ಜಿದರೆ ಅಲ್ಲಿ ಸಂದು ಉಳಿದು ಕುಡಿ ಒಣಗುತ್ತದೆ. ತಿಂಗಳುಗಟ್ಟಲೆ ನೀರು ಹಾಕಿ ಬೆಳೆಸಿದ ಸಸಿ ಅದು. ನನಗೆ ತುಂಬಾ ಬೇಜಾರಾಯಿತು.

ಚಿಕ್ಕಪ್ಪ ಒಳಗಿನಿಂದ ಒಂದು ಹಲಗೆ ತಂದರು. ಅದರ ಎರಡೂ ಮುಖಕ್ಕೆ ಚರ್ಮದ ಪಟ್ಟಿ ಅಂಟಿಸಿತ್ತು. ಆ ಪಟ್ಟಿ ಊರಿನ ಕಟಿಂಗ್ ಶಾಪ್‌ನ ತಾತ ಕೊಟ್ಟಿದ್ದಂತೆ. ಈಗ ಅಲ್ಲಿ ಗಿರಾಕಿಗೊಂದು ಅರ್ಧ ಬ್ಲೇಡ್, ಕತ್ತಿ ಮಸೆಯುವ ಪಟ್ಟಿಗೆ ಕೆಲಸವಿಲ್ಲ. ಚಿಕ್ಕಪ್ಪ ಅದನ್ನು ಎರಡು ತುಂಡು ಮಾಡಿ, ಒಂದರಲ್ಲಿ ಒರಟು ಮುಖ, ಇನ್ನೊಂದರಲ್ಲಿ ನುಣ್ಣನೆಯ ಮುಖ ಮೇಲೆ ಬರುವಂತೆ ಅಂಟಿಸಿದ್ದರು. ಒರಟು ಕಡೆಗೆ ಸ್ಟೀಲ್ ಪಾಲಿಶ್ ಮಾಡುವ ಹಸಿರು ಸೋಪನ್ನು ತೆಳುವಾಗಿ ತಿಕ್ಕಿದ್ದರು.

ಕಲ್ಲಿನಲ್ಲಿ ಮಸೆದಾಗ ಅಲಗಿನ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಎಳೆ ಮಡಿಚಿ ನಿಲ್ಲುತ್ತದೆ. ಬೆರಳನ್ನು ಚಾಕುವಿನ ಬೆನ್ನಿನಿಂದ ಬಾಯಿಯ, ಅಂದರೆ ಹರಿತ ಅಂಚಿನ, ಕಡೆಗೆ ಮೆಲ್ಲಗೆ ಸವರಿದರೆ ತೊಡರುತ್ತದೆ. ನಾರು ಎಬ್ಬಿಸಿದ್ದು ಅದೇ. ಅದನ್ನು ತೆಗೆಯುವುದು ಪಟ್ಟಿಯ ಕೆಲಸ. ಮೊಂಡಾದ ಚಾಕುವನ್ನು ಪಟ್ಟಿ ಹರಿತ ಮಾಡುವುದಿಲ್ಲ, ಅದಕ್ಕೆ ಕಲ್ಲೇ ಬೇಕು.

ಚಿಕ್ಕಪ್ಪ ಚಾಕುವನ್ನು ಬೆನ್ನು ಮುಂದಾಗಿ ಎಳೆದರು. ಬಾಯಿ ಹಿಂದೆ ಬರಬೇಕು, ಇಲ್ಲದಿದ್ದರೆ ಚರ್ಮ ಸೀಳುತ್ತದೆ. ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಿ ವಾಪಸ್ ಎಳೆದರು. ನಮ್ಮ ಕಸಿ ಚಾಕುವಿಗೆ ಒಂದೇ ಕಡೆ ಇಳಿಜಾರು, ಇನ್ನೊಂದು ಕಡೆ ಚಪ್ಪಟೆ. ಚಪ್ಪಟೆ ಕಡೆಯನ್ನು ಪೂರಾ ಮಲಗಿಸಬೇಕು. ಒರಟು ಪಟ್ಟಿಯಲ್ಲಿ ಹತ್ತು ಸಲ, ನುಣ್ಣನೆಯದರಲ್ಲಿ ಹತ್ತು ಸಲ. ಆಮೇಲೆ ಕೆತ್ತಿದ ಕುಡಿ ಹೊಳೆಯುತ್ತಿತ್ತು!

ನನ್ನ ಸರದಿ ಬಂದಾಗ ಜೋರಾಗಿ ಒತ್ತಿ ಎಳೆದೆ. "ಒತ್ಬೇಡಪ್ಪ, ಸುಮ್ನೆ ಸವರು" ಅಂದರು. ಒತ್ತಿದರೆ ಚರ್ಮ ತಗ್ಗುತ್ತದೆ, ಅಲಗು ದಾಟುತ್ತಲೇ ಮೇಲೇಳುತ್ತದೆ. ಹಾಗೆ ಎದ್ದಾಗ ತುದಿಯನ್ನು ದುಂಡು ಮಾಡುತ್ತದೆ. ಚಾಕುವಿನ ಭಾರವೇ ಸಾಕು. ಇದು ಕೈಗೆ ಹತ್ತುವುದಕ್ಕೆ ನನಗೆ ಮಧ್ಯಾಹ್ನವಾಯಿತು.

ಅಷ್ಟರಲ್ಲಿ ಇನ್ನೊಂದು ತಪ್ಪಾಗಿತ್ತು. ಹದಿನೈದು ಇಪ್ಪತ್ತು ಕುಡಿ ಕೆತ್ತಿದ ಮೇಲೆ ಮತ್ತೆ ಪಟ್ಟಿಗೆ ಬರುತ್ತಿದ್ದೆ. ಆದರೆ ಅಲಗಿಗೆ ಹತ್ತಿದ ಸೊನೆಯನ್ನು ಒರೆಸುತ್ತಿರಲಿಲ್ಲ. ಮಾವಿನ ಸೊನೆ ಗೊತ್ತಲ್ವಾ, ಬಟ್ಟೆಗೆ ಹತ್ತಿದರೇ ಹೋಗುವುದಿಲ್ಲ. ಪಟ್ಟಿಯ ಮೇಲೆ ಕಪ್ಪಗೆ ಜಿಗುಟು ಕೂತು, ಚಾಕು ಸುಮ್ಮನೆ ಜಾರತೊಡಗಿತು. ಊಟ ಬಿಟ್ಟು ಕೂತು ಅದನ್ನು ಸರಿ ಮಾಡಿದೆ. ಹಳೇ ಚಾಕುವಿನ ಬೆನ್ನಿನಿಂದ ನಿಧಾನಕ್ಕೆ ಹೆರೆದೆ. ಒಣ ಬಟ್ಟೆಯಲ್ಲಿ ಒರೆಸಿ, ಒರಟು ಕಡೆಗೆ ಮತ್ತೆ ಸ್ವಲ್ಪ ಸೋಪು ತಿಕ್ಕಿದೆ. ಸೋಪು ಜಾಸ್ತಿಯಾದರೂ ಹೆಪ್ಪುಗಟ್ಟುತ್ತದೆ. ಆಮೇಲೆ ಪ್ರತಿ ಸಲವೂ ಅಲಗು ಒರೆಸಿಯೇ ಪಟ್ಟಿಗೆ ಹೋದೆ.

ಕತ್ತಲಾಗುವ ಹೊತ್ತಿಗೆ ಕೊನೆಯ ಸಸಿಗೆ ಪ್ಲಾಸ್ಟಿಕ್ ಟೋಪಿ ಹಾಕಿ ಎದ್ದೆವು. ನುಣ್ಣನೆಯ ಚರ್ಮ ಒಣಗಿದ ಹಾಗೆ ಕಂಡಿತು. ಕೊಬ್ಬರಿ ಎಣ್ಣೆ ಸುರಿಯಲು ಹೊರಟೆ. ಚಿಕ್ಕಪ್ಪ ಕೈ ಹಿಡಿದರು. ಎಣ್ಣೆ ಕುಡಿದ ಚರ್ಮ ಮೆತ್ತಗಾಗುತ್ತದೆ, ಆಗ ಸವರಿದರೂ ಒತ್ತಿದ ಹಾಗೇ ಅಂದರು. ಅಂಗೈಗೆ ಎರಡು ತೊಟ್ಟು ಹರಳೆಣ್ಣೆ ಹಾಕಿಕೊಂಡು, ಎರಡೂ ಕೈ ಉಜ್ಜಿ, ಪಟ್ಟಿಯ ಮೇಲೆ ಒಂದು ಸಲ ಆಡಿಸಿದರು. ಹಲಗೆಯನ್ನು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ಇಲಿಗೆ ಸಿಗದ ಹಾಗೆ ಗೋಡೆಯ ಮೊಳೆಗೆ ನೇತುಹಾಕಿದರು.