ಪೀಟರ್ ಪಾರ್ಕರ್‌ಗೆ ವಯಸ್ಸಾಗಲು ಬಿಡದವರು

ಸ್ಪೈಡರ್‌ಮ್ಯಾನ್ ವೇಷದ ಹಿಂದಿನ ಹುಡುಗ ಪೀಟರ್ ಪಾರ್ಕರ್ ಪ್ರೌಢಶಾಲೆ ಮುಗಿಸಿದ್ದು 1965ರಲ್ಲಿ, 'ಅಮೇಜಿಂಗ್ ಸ್ಪೈಡರ್‌ಮ್ಯಾನ್' ಕಾಮಿಕ್ಸ್ ಸರಣಿಯ 28ನೇ ಸಂಚಿಕೆಯಲ್ಲಿ. ಅವನು ಮೊದಲ ಸಲ ಕಾಣಿಸಿಕೊಂಡದ್ದು 1962ರ ಆಗಸ್ಟ್‌ನಲ್ಲಿ. ಎಂದರೆ ಓದುಗರ ಬದುಕಿನಲ್ಲಿ ಮೂರು ವರ್ಷ ಉರುಳುವಷ್ಟರಲ್ಲಿ ಅವನ ಬದುಕಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಕಾಲ ಉರುಳಿತ್ತು. ಮತ್ತೆ ಮೂರು ಸಂಚಿಕೆ ಕಳೆಯುವಷ್ಟರಲ್ಲಿ ಅವನು ಕಾಲೇಜಿಗೆ ಸೇರಿದ. ಆ ಕಾಲೇಜಿನ ಪದವಿ ಪ್ರದಾನದ ದಿನ ಬಂದದ್ದು 1978ರಲ್ಲಿ, 185ನೇ ಸಂಚಿಕೆಯಲ್ಲಿ. ಅಂದೂ ವ್ಯಾಯಾಮ ತರಗತಿಯ ಒಂದು ಕ್ರೆಡಿಟ್ ಬಾಕಿ ಇದೆಯೆಂದು ಅವನಿಗೆ ಪದವಿ ಸಿಗಲಿಲ್ಲ. ಗೋಡೆಗಳನ್ನು ಬರಿಗೈಯಲ್ಲಿ ಹತ್ತಿ ಕಟ್ಟಡದಿಂದ ಕಟ್ಟಡಕ್ಕೆ ನೆಗೆಯುವವನನ್ನು ವ್ಯಾಯಾಮದಲ್ಲಿಯೇ ತಡೆದು ನಿಲ್ಲಿಸಿದ ಆ ಹಾಸ್ಯ ಚೆನ್ನಾಗಿಯೇ ಇದೆ. ಆದರೆ ಮೂರು ವರ್ಷದಲ್ಲಿ ಶಾಲೆ ಮುಗಿಸಿದವನಿಗೆ ಹದಿಮೂರು ವರ್ಷವಾದರೂ ಕಾಲೇಜು ಮುಗಿಯಲಿಲ್ಲ ಎಂಬ ಲೆಕ್ಕವನ್ನು ನೋಡಿದಾಗ, ಈ ಸರಣಿ ಕಳೆಗುಂದತೊಡಗಿದ್ದು ಯಾವಾಗಿನಿಂದ ಎಂಬುದು ಹೆಚ್ಚು ಹುಡುಕಾಟವಿಲ್ಲದೆ ಗೊತ್ತಾಗುತ್ತದೆ.

ಸರಣಿ ಹಳಸಿತು ಎಂಬ ದೂರು ಹೊಸದಲ್ಲ. ದೂರುವವರು ಬಹುಮಟ್ಟಿಗೆ ಆಯಾ ಹೊತ್ತಿನ ಬರಹಗಾರರನ್ನೇ ಹಿಡಿದುಕೊಳ್ಳುತ್ತಾರೆ: ಡ್ಯಾನ್ ಸ್ಲಾಟ್ ಕೆಡಿಸಿದರು, ನಿಕ್ ಸ್ಪೆನ್ಸರ್ ಎಳೆದಾಡಿದರು, ಝೆಬ್ ವೆಲ್ಸ್ ಮುಗಿಸಿಯೇಬಿಟ್ಟರು ಎಂದು. ಹೆಸರುಗಳು ಬದಲಾಗುತ್ತಲೇ ಇದ್ದು ದೂರು ಮಾತ್ರ ಹಾಗೆಯೇ ಉಳಿದಿದೆ ಎಂದಮೇಲೆ ಅದರ ಕಾರಣ ಆ ಹೆಸರುಗಳಲ್ಲಿ ಇರಲಾರದು. ಇವರು ಯಾರೂ ಕಸುಬು ತಿಳಿಯದವರಲ್ಲ. ಇವರೆಲ್ಲರ ಅವಧಿಯಲ್ಲಿಯೂ ನಾನು ಎರಡೆರಡು ಸಲ ಓದಿದ ಸಂಚಿಕೆಗಳಿವೆ. ನನ್ನ ತಕರಾರು ಇರುವುದು ಇವರ ಕೈಗೆ ಕೊಡಲಾದ ನಾಯಕನ ಬಗ್ಗೆ. ಏನೇ ಆದರೂ ಕೊನೆಗೆ ಇದ್ದಲ್ಲಿಯೇ ಇರಬೇಕಾದ ನಾಯಕನನ್ನಿಟ್ಟುಕೊಂಡು ಯಾರು ಬರೆದರೂ ಕಥೆ ಗಾಣದ ಎತ್ತಿನಂತೆ ಸುತ್ತುತ್ತದೆ.

ಆರಂಭದ ಹೊಳಪು ಎಲ್ಲಿತ್ತು ಎಂದು ಕೇಳಿದರೆ ಹಲವರು ಖಳನಾಯಕರ ಪಟ್ಟಿಯನ್ನು ಮುಂದಿಡುತ್ತಾರೆ. ಆ ಪಟ್ಟಿ ಬೆರಗು ಹುಟ್ಟಿಸುವಂಥದ್ದೇ. ಬರಹಗಾರ ಸ್ಟ್ಯಾನ್ ಲೀ ಮತ್ತು ಚಿತ್ರಕಾರ ಸ್ಟೀವ್ ಡಿಟ್ಕೊ ಕೂಡಿ ಮಾಡಿದ ಮೊದಲ 38 ಸಂಚಿಕೆಗಳಲ್ಲಿಯೇ ವಲ್ಚರ್, ಡಾಕ್ಟರ್ ಆಕ್ಟೋಪಸ್, ಸ್ಯಾಂಡ್‌ಮ್ಯಾನ್, ಲಿಜರ್ಡ್, ಎಲೆಕ್ಟ್ರೊ, ಮಿಸ್ಟೀರಿಯೊ, ಗ್ರೀನ್ ಗಾಬ್ಲಿನ್, ಕ್ರೇವನ್, ಸ್ಕಾರ್ಪಿಯನ್ ಎಲ್ಲರೂ ಬಂದುಹೋಗಿದ್ದರು. ಇಂದಿಗೂ ಸಿನಿಮಾದವರು ಕೈಯಿಕ್ಕುವುದು ಹೆಚ್ಚಾಗಿ ಇದೇ ಪೆಟ್ಟಿಗೆಗೆ. ಆದರೆ ನನ್ನ ಮಟ್ಟಿಗೆ ಆ ಸಂಚಿಕೆಗಳ ಜೀವ ಇರುವುದು ಬೇರೆಡೆ. ಎಂಟನೇ ಸಂಚಿಕೆಯಲ್ಲಿ ಪೀಟರ್‌ನ ಕನ್ನಡಕ ಒಡೆಯುತ್ತದೆ. ಅವನು ಮತ್ತೆ ಕನ್ನಡಕ ಹಾಕುವುದಿಲ್ಲ. ಸಂಚಿಕೆಯಿಂದ ಸಂಚಿಕೆಗೆ ಡಿಟ್ಕೊ ಅವರ ಗೆರೆಗಳಲ್ಲಿ ಆ ಹುಡುಗನ ಕುಗ್ಗಿದ ಭುಜಗಳು ನೇರವಾಗುತ್ತಾ ಹೋಗುತ್ತವೆ, ಮಾತು ಮೊನಚಾಗುತ್ತದೆ, ಹೆದರಿಸುತ್ತಿದ್ದವರ ಮುಂದೆ ಅವನು ತಲೆಯೆತ್ತಿ ನಿಲ್ಲುತ್ತಾನೆ. 33ನೇ ಸಂಚಿಕೆಯಲ್ಲಿ, ತನ್ನನ್ನು ಸಾಕಿದ ಅತ್ತೆ ಮೇಯ ಜೀವ ಉಳಿಸುವ ಔಷಧ ಕಣ್ಣಳತೆಯ ದೂರದಲ್ಲಿದ್ದು, ಭಾರಿ ಯಂತ್ರವೊಂದರ ಅಡಿಯಲ್ಲಿ ಸಿಕ್ಕಿಬಿದ್ದವನು ಅದನ್ನು ಎತ್ತಿ ಎದ್ದುನಿಲ್ಲುವ ಪುಟಗಳು ಕಾಮಿಕ್ಸ್ ಓದುವ ಯಾರಿಗೂ ಅಪರಿಚಿತವಲ್ಲ. ಅವನ್ನು ಬಿಡಿಯಾಗಿ ನೋಡಿದರೂ ಚೆಂದವೇ. ಮೊದಲಿನಿಂದ ಓದಿಕೊಂಡು ಬಂದವರಿಗೆ ಮಾತ್ರ ಅದರಲ್ಲಿ ಇನ್ನೊಂದು ತೂಕವಿದೆ: ಮೊದಲ ಸಂಚಿಕೆಯ ಹುಡುಗನಿಂದ ಇದು ಆಗುತ್ತಿರಲಿಲ್ಲ, ಈ ಯುವಕನಿಂದ ಆಗುತ್ತದೆ ಎಂಬುದು ಅವರಿಗೆ ಗೊತ್ತು.

ಡಿಟ್ಕೊ 1966ರಲ್ಲಿ ಬಿಟ್ಟುಹೋದ ಮೇಲೆ ಚಿತ್ರಗಳ ಹೊಣೆ ಹೊತ್ತ ಜಾನ್ ರೊಮಿಟಾ ಅವರ ಕೈಯಲ್ಲಿ ಸರಣಿಯ ಬಣ್ಣ ಬದಲಾಯಿತು. ಪಾತ್ರಗಳೆಲ್ಲ ಸುಂದರರಾದರು, ಕಥೆ ಪ್ರೇಮ ಮತ್ತು ಗೆಳೆತನದ ಕಡೆ ವಾಲಿತು. ಆದರೂ ಕಾಲದ ಓಟ ಪೂರ್ತಿ ನಿಂತಿರಲಿಲ್ಲ. 1973ರಲ್ಲಿ ಜೆರ್ರಿ ಕಾನ್ವೇ ಬರೆದು ಗಿಲ್ ಕೇನ್ ಚಿತ್ರಿಸಿದ 121ನೇ ಸಂಚಿಕೆಯಲ್ಲಿ ಪೀಟರ್‌ನ ಪ್ರೇಯಸಿ ಗ್ವೆನ್ ಸ್ಟೇಸಿ ಸತ್ತಳು. ಆ ಸಾವಿನ ಕುರಿತು ಬೇಕಾದಷ್ಟು ಬರೆಯಲಾಗಿದೆ. ನನಗೆ ಅದಕ್ಕಿಂತ ಮಿಗಿಲೆನಿಸುವುದು ಮುಂದಿನ ಸಂಚಿಕೆಯ ಕೊನೆಯ ಪುಟ. ದುಃಖದಲ್ಲಿ ಕುರುಡಾದ ಪೀಟರ್ ತನ್ನನ್ನು ಒಂಟಿಯಾಗಿ ಬಿಡು ಎಂದು ಗೆಳತಿ ಮೇರಿ ಜೇನ್‌ಳ ಮೇಲೆ ರೇಗುತ್ತಾನೆ. ಅಲ್ಲಿಯವರೆಗೆ ನಗುತ್ತಾ ಕುಣಿಯುತ್ತಾ ಎಲ್ಲವನ್ನೂ ಹಗುರವಾಗಿ ತೆಗೆದುಕೊಳ್ಳುತ್ತಿದ್ದ ಆಕೆ ಬಾಗಿಲವರೆಗೆ ನಡೆದು, ಬಾಗಿಲನ್ನು ಒಳಗಿನಿಂದ ಮುಚ್ಚಿ, ಅಲ್ಲಿಯೇ ಉಳಿಯುತ್ತಾಳೆ. ಒಂದು ಪಾತ್ರ ನಮ್ಮ ಕಣ್ಣೆದುರಿಗೇ ದೊಡ್ಡದಾಗುವುದು ಎಂದರೆ ಇದು.

ಅದೇ ಹೊತ್ತಿಗೆ ಪ್ರಕಾಶಕರಾದ ಮಾರ್ವೆಲ್‌ನವರಿಗೆ ಇನ್ನೊಂದು ಅರಿವು ಮೂಡಿತ್ತು. ಪೀಟರ್‌ನ ಚಿತ್ರವಿರುವ ಆಟಿಕೆ, ಅಂಗಿ, ಕಾರ್ಟೂನು ಎಲ್ಲವೂ ಮಾರಾಟವಾಗುತ್ತಿರುವಾಗ ಅವನನ್ನು ನಡುವಯಸ್ಸಿನ ಗೃಹಸ್ಥನಾಗಿಸುವುದು ವ್ಯಾಪಾರಕ್ಕೆ ಒಗ್ಗದ ಮಾತು. ಇನ್ನು ಮೇಲೆ ಬದಲಾವಣೆ ಬೇಡ, ಬದಲಾವಣೆಯ ಭ್ರಮೆ ಸಾಕು ಎಂಬ ಸೂಚನೆಯ ಪ್ರಸ್ತಾಪ ಆ ಕಾಲದ ಬರಹಗಾರರ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಲ್ಲಿಂದ ಮುಂದಿನ ಸರಣಿಯನ್ನು ಮುಂದೊಂದು ಹೆಜ್ಜೆ ಇಡುವುದರ, ಇಟ್ಟ ಹೆಜ್ಜೆಯನ್ನು ನಾಚಿಕೊಂಡು ಹಿಂದೆಗೆಯುವುದರ ಕಥೆಯಾಗಿ ಓದಬಹುದು. 1987ರಲ್ಲಿ ಪೀಟರ್ ಮತ್ತು ಮೇರಿ ಜೇನ್ ಮದುವೆಯಾದರು. 1994ರಲ್ಲಿ ಆರಂಭವಾಗಿ ಎರಡು ವರ್ಷ ಎಳೆದ ತದ್ರೂಪಿಯ ಕಥೆ, ಇಷ್ಟು ದಿನ ನಾವು ಓದಿದ ಪೀಟರ್ ನಿಜವಾದ ಪೀಟರೇ ಅಲ್ಲ ಎಂದು ಹೇಳಿ, ಆ ಮದುವೆಯಾದವನನ್ನು ಬದಿಗೆ ಸರಿಸಿ ಒಂಟಿ ಯುವಕನೊಬ್ಬನನ್ನು ತಂದು ಕೂರಿಸಲು ಹೊರಟು, ಓದುಗರ ಸಿಟ್ಟು ಕಂಡು ಅದನ್ನೂ ಹಿಂತೆಗೆದುಕೊಂಡಿತು. ಆ ಗದ್ದಲದ ನಡುವೆಯೇ ಬಂದ 1995ರ 400ನೇ ಸಂಚಿಕೆಯಲ್ಲಿ ಅತ್ತೆ ಮೇ ತೀರಿಕೊಂಡದ್ದನ್ನು ಜೆ. ಎಂ. ಡಿಮ್ಯಾಟಿಸ್ ಎಷ್ಟು ಸಂಯಮದಿಂದ ಬರೆದಿದ್ದಾರೆಂದರೆ, ಇಡೀ ಸರಣಿಯಲ್ಲಿ ಅದಕ್ಕೆ ಸಾಟಿಯಾದ ಸಂಚಿಕೆಗಳು ಕೆಲವೇ. ಮೂರು ವರ್ಷ ಕಳೆಯುವಷ್ಟರಲ್ಲಿ, ಸತ್ತದ್ದು ಮೇ ಅಲ್ಲ, ಆಕೆಯ ವೇಷದಲ್ಲಿದ್ದ ನಟಿಯೊಬ್ಬಳು ಎಂದು ತಿಳಿಸಲಾಯಿತು. ಖಳನಾಯಕನ ಸಾವನ್ನು ಹೀಗೆ ರದ್ದು ಮಾಡಿದರೆ ನಕ್ಕು ಸುಮ್ಮನಾಗಬಹುದು. ತಾಯಿಯಂಥವಳ ಹಾಸಿಗೆಯ ಬಳಿ ಕುಳಿತು ಬೀಳ್ಕೊಟ್ಟವನ ಅಳುವನ್ನೇ ಸುಳ್ಳು ಮಾಡಿದರೆ, ಮುಂದಿನ ಅಳುವನ್ನು ಓದುಗ ಏಕೆ ನಂಬಬೇಕು?

2007ರ ಕೊನೆಯಲ್ಲಿ ಮದುವೆಯೂ ಹೋಯಿತು. ಗುಂಡೇಟು ತಿಂದು ಸಾಯುತ್ತಿರುವ ಅತ್ತೆಯನ್ನು ಬದುಕಿಸಲು ಪೀಟರ್ ದಂಪತಿ ಮೆಫಿಸ್ಟೊ ಎಂಬ ಪಿಶಾಚಿಗೆ ತಮ್ಮ ದಾಂಪತ್ಯವನ್ನೇ ಕೊಟ್ಟುಬಿಡುತ್ತಾರೆ. ಅದು ನಡೆದೇ ಇರಲಿಲ್ಲ ಎಂಬಂತೆ ಲೋಕ ಬದಲಾಗುತ್ತದೆ. ಆಗಿನ ಪ್ರಧಾನ ಸಂಪಾದಕರೂ ಆ ಕಥೆಯ ಚಿತ್ರಕಾರರೂ ಆಗಿದ್ದ ಜೋ ಕೆಸಾಡಾ ಅವರಿಗೆ ಮದುವೆ ಇಷ್ಟವಿರಲಿಲ್ಲವೆಂಬುದು ಗುಟ್ಟೇನೂ ಆಗಿರಲಿಲ್ಲ. ಬರಹಗಾರ ಜೆ. ಮೈಕೆಲ್ ಸ್ಟ್ರಾಝಿನ್ಸ್ಕಿ ಅವರು ಕೊನೆಯ ಸಂಚಿಕೆಗಳಿಂದ ತಮ್ಮ ಹೆಸರನ್ನು ತೆಗೆಯುವಂತೆ ಒಂದು ಹಂತದಲ್ಲಿ ಕೇಳಿದ್ದಾಗಿ ಬಹಿರಂಗವಾಗಿಯೇ ಹೇಳಿಕೊಂಡರು. ತನ್ನ ಹೊಣೆಯಿಂದ ತಪ್ಪಿಸಿಕೊಳ್ಳಬಾರದು ಎಂಬುದನ್ನೇ ಮೂಲಮಂತ್ರವಾಗಿಸಿಕೊಂಡ ನಾಯಕನನ್ನು, ಅತ್ತೆಯ ಸಾವಿಗೆ ಅಂಜಿ ಪಿಶಾಚಿಯ ಜೊತೆ ವ್ಯವಹಾರಕ್ಕೆ ಕೂರುವವನನ್ನಾಗಿ ಮಾಡಿದ್ದು ಗುಂಡೇಟಿನ ನೆಪದಲ್ಲಿ ಎಂಬುದು ನಿಜ. ಆದರೂ ಆ ನೆಪ ಬೇಕಾದದ್ದು ಕಥೆಗಲ್ಲ, ಮದುವೆ ಬೇಡವೆಂದವರಿಗೆ.

ಹೊಸ ಪೀಳಿಗೆಯ ಓದುಗರಿಗೂ ಹರೆಯದ, ಬಾಡಿಗೆ ಕಟ್ಟಲು ಪರದಾಡುವ ಪೀಟರ್ ಸಿಗಬೇಕು ಎಂಬುದು ಈ ಹಿಂದೆಗೆತದ ಸಮರ್ಥನೆ. ಒಂದು ಕಾಲಕ್ಕೆ ಇದು ಸರಿಯಾದ ವಾದವೇ ಆಗಿತ್ತು. ಪತ್ರಿಕೆಯ ಅಂಗಡಿಯಲ್ಲಿ ಒಂದು ತಿಂಗಳು ಇದ್ದು ಮಾಯವಾಗುತ್ತಿದ್ದ ಸಂಚಿಕೆ ಮತ್ತೆ ಸಿಗುತ್ತಿರಲಿಲ್ಲ. ಓದುಗರು ಕೆಲವು ವರ್ಷ ಓದಿ ಬಿಟ್ಟುಹೋಗುತ್ತಿದ್ದರು, ಹೊಸಬರು ಬರುತ್ತಿದ್ದರು. ಹಳೆಯ ಕಥೆಯನ್ನೇ ಹೊಸದಾಗಿ ಹೇಳದಿದ್ದರೆ ಹೊಸಬರಿಗೆ ಅದು ತಲುಪುವ ದಾರಿಯೇ ಇರಲಿಲ್ಲ. ಇಂದು ಹಾಗಿಲ್ಲ. 1963ರ ಸಂಚಿಕೆಯೂ ಕೆಲವೇ ತಿಂಗಳ ಹಿಂದಿನ ಸಂಚಿಕೆಯೂ ಒಂದೇ ಪರದೆಯ ಮೇಲೆ, ಒಂದೇ ಚಂದಾದಲ್ಲಿ ಸಿಗುತ್ತವೆ. ಸಂಪುಟಗಳಾಗಿ ಕಪಾಟಿನಲ್ಲಿಯೂ ನಿಂತಿವೆ. ಹರೆಯದ ಪೀಟರ್ ಬೇಕಾದವನಿಗೆ ಡಿಟ್ಕೊ ಅವರ ಪೀಟರ್ ಇದ್ದಾನೆ. ಮಾಸಪತ್ರಿಕೆ ಹೊರುತ್ತಿರುವುದು ತೀರಿಹೋದ ಅಗತ್ಯವೊಂದನ್ನು, ಮತ್ತು ಅದಕ್ಕಾಗಿ ತನ್ನದೇ ಉತ್ತಮ ಭೂತಕಾಲದ ಜೊತೆ ಪ್ರತಿ ತಿಂಗಳೂ ಪೈಪೋಟಿಗಿಳಿದು ಸೋಲುತ್ತಿದೆ.

ಕಥೆ ಮುಂದೆ ಸಾಗದಿದ್ದಾಗ ಸಂಖ್ಯೆಗಳನ್ನು ಓಡಿಸಲಾಗುತ್ತದೆ. ಮಾರಾಟವಾಗದ ಪ್ರತಿಗಳನ್ನು ಕಾಮಿಕ್ಸ್ ಅಂಗಡಿಯವರು ಸಾಮಾನ್ಯವಾಗಿ ಹಿಂದಿರುಗಿಸುವಂತಿಲ್ಲ. ಅವರು ಧೈರ್ಯವಾಗಿ ಹೆಚ್ಚು ತರಿಸುವುದು ಮೊದಲನೇ ಸಂಚಿಕೆಯನ್ನು ಮಾತ್ರ. ಹಾಗಾಗಿ 2014, 2015, 2018, 2022, 2025 ಹೀಗೆ ಹನ್ನೊಂದು ವರ್ಷಗಳಲ್ಲಿ ಈ ಸರಣಿ ಐದು ಬಾರಿ ಒಂದರಿಂದ ಎಣಿಕೆ ಶುರುಮಾಡಿದೆ. ನಡುವೆ, 2022ರಲ್ಲಿಯೇ, ಹಳೆಯ ಲೆಕ್ಕ ಹಿಡಿದು 900ನೇ ಸಂಚಿಕೆಯ ಸಂಭ್ರಮವೂ ನಡೆಯಿತು. 2023ರಲ್ಲಿ ಕಮಲಾ ಖಾನ್ ಎಂಬ ಜನಪ್ರಿಯ ನಾಯಕಿ ತನ್ನದಲ್ಲದ ಈ ಸರಣಿಯೊಳಗೆ ಬಂದು ಸತ್ತು, ಎರಡೇ ತಿಂಗಳಲ್ಲಿ ಬೇರೊಂದು ಸರಣಿಯಲ್ಲಿ ಎದ್ದು ಕುಳಿತಳು. ಇದರ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ.

ಈ ಕಟ್ಟುಪಾಡಿನೊಳಗೂ ಒಮ್ಮೆ ನಿಜವಾದ ಕಿಡಿ ಹೊತ್ತಿತ್ತು. 2012ರ ಕೊನೆಯಲ್ಲಿ, 700ನೇ ಸಂಚಿಕೆಯಲ್ಲಿ, ಡ್ಯಾನ್ ಸ್ಲಾಟ್ ಅವರು ಪೀಟರ್‌ನ ದೇಹದೊಳಗೆ ಡಾಕ್ಟರ್ ಆಕ್ಟೋಪಸ್‌ನ ಮನಸ್ಸನ್ನು ಕೂರಿಸಿ ಪೀಟರ್‌ನನ್ನು ಕೊಂದರು. ಅವನು ಮರಳಿ ಬರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಖಳನೊಬ್ಬ ಪೀಟರ್‌ನ ಬದುಕನ್ನು ಒಳಗಿನಿಂದ ನೋಡಿ, ಇಷ್ಟು ಪ್ರತಿಭೆಯಿದ್ದೂ ಇವನೇಕೆ ಏನೂ ಆಗಲಿಲ್ಲ ಎಂದು ಕೇಳುತ್ತಿದ್ದ. ಅದು ಓದುಗರದೇ ಪ್ರಶ್ನೆಯಾಗಿತ್ತು. ಪೀಟರ್ ಎಂದೂ ಮುಗಿಸದೆ ಬಿಟ್ಟಿದ್ದ ಡಾಕ್ಟರೇಟನ್ನು ಆಕ್ಟೋಪಸ್ ಮುಗಿಸಿದ, ಕಂಪನಿ ಕಟ್ಟಿದ, ಬದುಕನ್ನು ಒಂದು ಕ್ರಮಕ್ಕೆ ತಂದ. ಮುಂದಿನ ಕೆಲವು ವರ್ಷಗಳಲ್ಲಿ ಆ ಕಂಪನಿ ಕುಸಿಯಿತು. 2018ರಲ್ಲಿ ಹೊಸ ಬರಹಗಾರರು ಬಂದ ಮೊದಲ ಸಂಚಿಕೆಯಲ್ಲಿಯೇ, ಆ ಪ್ರಬಂಧ ಆಕ್ಟೋಪಸ್‌ನ ಹಳೆಯ ಸಂಶೋಧನೆಯ ನಕಲು ಎಂಬ ಆರೋಪದ ಮೇಲೆ ಡಾಕ್ಟರೇಟನ್ನೂ ಕಿತ್ತುಕೊಳ್ಳಲಾಯಿತು. ತರ್ಕ ಸರಿಯಿದೆ, ವ್ಯಂಗ್ಯವೂ ಸೊಗಸಾಗಿದೆ. ಫಲಿತಾಂಶವೆಂದರೆ ಪೀಟರ್ ಮತ್ತೆ ಕಾಸಿಲ್ಲದೆ, ಬಾಡಿಗೆ ಮನೆಯಲ್ಲಿ.

ಸರಣಿಯಲ್ಲಿ ಹೊಸ ಪಾತ್ರಗಳಿಗೂ ಬರಗಾಲವಿದೆ. ಅದರ ಕಾರಣ ಒಡೆತನದ ಹಕ್ಕುಗಳಿಗೆ ಸಂಬಂಧಿಸಿದ್ದು. ಈ ಪುಟಗಳಿಗಾಗಿ ಸೃಷ್ಟಿಸಿದ್ದೆಲ್ಲ ಕಂಪನಿಯ ಸೊತ್ತು. 1988ರಲ್ಲಿ ವೆನಮ್ ಪಾತ್ರಕ್ಕೆ ರೂಪ ಕೊಟ್ಟ ಟಾಡ್ ಮ್ಯಾಕ್‌ಫಾರ್ಲೇನ್, ಅವರ ನಂತರ ಇದೇ ಸರಣಿಗೆ ಚಿತ್ರ ಬರೆದ ಎರಿಕ್ ಲಾರ್ಸೆನ್ ಇಬ್ಬರೂ 1992ರಲ್ಲಿ ಇತರರ ಜೊತೆ ಸೇರಿ ಇಮೇಜ್ ಕಾಮಿಕ್ಸ್ ಸ್ಥಾಪಿಸಿದರು. ಅಂದಿನಿಂದ ಹೊಸತೇನಾದರೂ ಹೊಳೆದರೆ ಅದನ್ನು ತಮ್ಮದೇ ಕೃತಿಗೆ ಎತ್ತಿಡುವ ದಾರಿ ಕಲಾವಿದರಿಗೆ ಕಾಣಿಸಿತು. ಲಾರ್ಸೆನ್ ಅವರ 'ಸ್ಯಾವೇಜ್ ಡ್ರ್ಯಾಗನ್' ಅಂದಿನಿಂದ ಅವರೊಬ್ಬರ ಕೈಯಲ್ಲಿಯೇ ನಡೆದುಬಂದಿದೆ. ಅಲ್ಲಿ ನಾಯಕನಿಗೆ ನಮ್ಮಂತೆಯೇ ವರ್ಷಕ್ಕೊಂದು ವಯಸ್ಸಾಯಿತು, ಅವನು ಸತ್ತ, ಮಗ ಕಥೆಯನ್ನು ಮುಂದುವರಿಸಿದ. ಎಲ್ಲ ಸಂಚಿಕೆಗಳೂ ಚೆನ್ನಾಗಿವೆ ಎನ್ನಲಾರೆ, ಕೆಲವು ಒರಟಾಗಿವೆ. ಆದರೆ ಮುಂದಿನ ಸಂಚಿಕೆಯಲ್ಲಿ ಏನಾಗುತ್ತದೋ ಎಂಬ ಕುತೂಹಲ ಅಲ್ಲಿ ಇನ್ನೂ ನಿಜವಾದದ್ದು.

ಮಾರ್ವೆಲ್‌ಗೆ ಇದು ತಿಳಿಯದ್ದಲ್ಲ. 2000ದಲ್ಲಿ ಆರಂಭವಾದ ಪರ್ಯಾಯ ಲೋಕದ ಸರಣಿಯಲ್ಲಿ 2011ರಲ್ಲಿ ಪೀಟರ್ ಸತ್ತ, ಅವನ ಜಾಗಕ್ಕೆ ಬಂದ ಮೈಲ್ಸ್ ಮೊರಾಲಿಸ್ ಈ ಶತಮಾನದ ಅತಿ ಗಟ್ಟಿಯಾದ ಹೊಸ ಸ್ಪೈಡರ್‌ಮ್ಯಾನ್ ಆದ. 2024ರ ಜನವರಿಯಲ್ಲಿ ಜೊನಾಥನ್ ಹಿಕ್‌ಮನ್ ಮತ್ತು ಮಾರ್ಕೊ ಕೆಕೆಟ್ಟೊ ಆರಂಭಿಸಿದ ಮತ್ತೊಂದು ಪರ್ಯಾಯ ಸರಣಿಯಲ್ಲಿ ಪೀಟರ್ ಹೆಂಡತಿ, ಇಬ್ಬರು ಮಕ್ಕಳಿರುವ ಗೃಹಸ್ಥ. ಜೇಡದ ಶಕ್ತಿ ಅವನಿಗೆ ಬರುವುದೇ ಆ ವಯಸ್ಸಿನಲ್ಲಿ. ಹೊರಗೆ ಒಂದು ತಿಂಗಳು ಕಳೆದರೆ ಕಥೆಯೊಳಗೂ ಒಂದು ತಿಂಗಳು ಕಳೆಯುತ್ತದೆ. ಮೊದಲ ಸಂಚಿಕೆ ಮತ್ತೆ ಮತ್ತೆ ಮುದ್ರಣ ಕಂಡಿತು, ಮದುವೆಯಾದ ಪೀಟರ್‌ನನ್ನು ಯಾರೂ ಓದುವುದಿಲ್ಲ ಎಂಬ ವಾದಕ್ಕೆ ಅಲ್ಲಿಗೆ ಉತ್ತರವೂ ಸಿಕ್ಕಿತು. ಮುಖ್ಯ ಸರಣಿಗೆ ಮಾತ್ರ ಆ ಅನುಮತಿ ಇನ್ನೂ ದೊರೆತಿಲ್ಲ. ಅದನ್ನು ನಾನೀಗ ತಿಂಗಳು ತಿಂಗಳು ಕಾದು ಓದುವುದನ್ನು ಬಿಟ್ಟಿದ್ದೇನೆ. ಒಬ್ಬ ಬರಹಗಾರರ ಅವಧಿ ಪೂರ್ತಿ ಮುಗಿದ ಮೇಲೆ, ಸಂಪುಟಗಳಾಗಿ ಬಂದಾಗ, ಅವರು ಮುಂದಿಟ್ಟ ಹೆಜ್ಜೆಗಳಲ್ಲಿ ಎಷ್ಟು ಉಳಿದವು ಎಂದು ನೋಡಿಕೊಂಡು ಓದುತ್ತೇನೆ. 2025ರಲ್ಲಿ ಬಂದ ಜೋ ಕೆಲ್ಲಿ ಅವರ ಅವಧಿಯನ್ನೂ ಹಾಗೆಯೇ ಓದುವವನಿದ್ದೇನೆ.